ನುಣುಪು ಮೇಸ್ತ್ರಿಯ ಹಳದಿ ಮನೆ

ಪೇಂಟಿಂಗ್ ಕೆಲಸದವರ ನಡುವೆ ನಮ್ಮ ಭಾವನಿಗೆ ಇರುವ ಹೆಸರು ನುಣುಪು ಮೇಸ್ತ್ರಿ. ಅದು ಹೊಗಳಿಕೆಯೂ ಹೌದು, ಬೈಗುಳವೂ ಹೌದು. ಬೇರೆಯವರು ಒಂದು ಕೋಣೆ ಮುಗಿಸಿ ಕೈಕಾಲು ತೊಳೆದುಕೊಂಡು ಹೊರಡುವ ಹೊತ್ತಿಗೆ ಇವರು ಇನ್ನೂ ಎಮರಿ ಪೇಪರ್ ಹಿಡಿದು ಒಂದೇ ಮೂಲೆಯನ್ನು ಉಜ್ಜುತ್ತ ನಿಂತಿರುತ್ತಾರೆ. ಗೋಡೆಯಲ್ಲಿ ಸಾಸಿವೆಯಷ್ಟು ಗುಳಿ ಕಂಡರೂ ಸಾಕು, ಪುಟ್ಟಿ ಮೆತ್ತಬೇಕು, ಅದು ಒಣಗಬೇಕು, ಆಮೇಲೆ ಉಜ್ಜಬೇಕು, ಉಜ್ಜಿದ ಮೇಲೆ ಕಣ್ಣು ಮುಚ್ಚಿಕೊಂಡು ಅಂಗೈ ಆಡಿಸಿ ನೋಡಬೇಕು. "ಗೋಡೆ ಕಣ್ಣಿಗೆ ಸುಳ್ಳು ಹೇಳ್ಬಹುದು, ಅಂಗೈಗೆ ಹೇಳೋಕಾಗಲ್ಲ" ಎನ್ನುವುದು ಅವರ ದೊಡ್ಡ ಮಾತು. ಅದನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಹೊಲಿಗೆ ಮೆಷಿನ್ ತುಳಿಯುತ್ತಲೇ ಅವರ ದನಿಯಲ್ಲಿ ಅಣಕಿಸಿ ತೋರಿಸಬಲ್ಲೆ.

ನಾನು ಅವರ ನಾದಿನಿ, ಅವರ ಹೆಂಡತಿಯ ತಂಗಿ. ಅವರ ಮನೆಯ ಮೇಲೆ ಒಂದು ಕೋಣೆಯಲ್ಲಿ ಬಟ್ಟೆ ಹೊಲಿದುಕೊಂಡು ಒಬ್ಬಳೇ ಇದ್ದೇನೆ. ನನ್ನ ನಾಲಗೆ ನನ್ನ ಕತ್ತರಿಗಿಂತ ಹರಿತ ಎಂದು ಭಾವ ಬಂದವರಿಗೆಲ್ಲ ಹೇಳುತ್ತಾರೆ. ಹೇಳಲಿ, ಮೊಂಡಾಗಿದ್ದರೆ ಇಷ್ಟು ದಿನ ಯಾರು ಬಾಳಿಸುತ್ತಿದ್ದರು? ಅವರು ನನ್ನನ್ನು ಟೈಲರಮ್ಮ ಎನ್ನುತ್ತಾರೆ, ಸಿಟ್ಟು ಬಂದಾಗ ನಾನು ಅವರನ್ನು ಮೇಸ್ತ್ರಿಗಳೇ ಎನ್ನುತ್ತೇನೆ. ಅಕ್ಕನಿಗೂ ಭಾವನಿಗೂ ಮಕ್ಕಳಾಗಲಿಲ್ಲ, ಹಾಗಾಗಿ ಜಗಳಕ್ಕೂ ನಗೆಗೂ ನಾವು ಮೂವರೇ.

ಇಂಥ ಮೇಸ್ತ್ರಿಯ ಸ್ವಂತ ಮನೆ ಹೇಗಿತ್ತು ಅಂತೀರಾ? ನೋಡಿದವರು ಮೂಗು ಮುರಿಯಬೇಕು, ಹಾಗಿತ್ತು. ಮುಂದೆ ಒಂದು ಹಾಲ್. ಅದಕ್ಕಿರುವ ಒಂದೇ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ ಮೂಗಿಗೆ ತಾಗುವಷ್ಟು ಹತ್ತಿರ. ಹಾಲಿನಿಂದ ಒಳಕ್ಕೆ ಉದ್ದನೆಯ ಓಣಿಯಂಥ ಹಾದಿ. ಅದರ ಬಲಗಡೆ ಒಂದರ ಪಕ್ಕ ಒಂದು ಮೂರು ಬಾಗಿಲು: ಮಲಗುವ ಕೋಣೆ, ಸಾಮಾನಿನ ಕೋಣೆ, ಅಡುಗೆಮನೆ. ಹಾದಿಯ ಕೊನೆಯಲ್ಲಿ ಒಂದು ಮೆಟ್ಟಿಲು ಇಳಿದರೆ ಬಚ್ಚಲು. ಎಡಗಡೆಯ ಬಾಗಿಲಿಲ್ಲದ ಗೋಡೆಯಂತೂ ಗೋಡೆಗೆ ಬರಬಾರದ ರೋಗವೆಲ್ಲ ಬಂದ ಹಾಗಿತ್ತು. ಒಂದು ಕಡೆ ಬಿರುಕು, ಒಂದು ಕಡೆ ತಲೆ ಹೊರಗಿಟ್ಟ ಮೊಳೆ, ಒಂದು ಕಡೆ ಸ್ವಿಚ್ ಕಿತ್ತುಹೋದ ಮರದ ಪೆಟ್ಟಿಗೆಯ ಬಾಯಿ. ಬಚ್ಚಲ ಹತ್ತಿರ ತೇವ ಹಿಡಿದು ಉಬ್ಬಿದ ಗಾರೆ, ಮುಟ್ಟಿದರೆ ಮರಳುಮರಳಾಗಿ ಉದುರುತ್ತಿತ್ತು.

"ಕಂಡೋರ ಮನೆಗೆಲ್ಲ ಬಣ್ಣ ಬಳೀತೀರಿ, ನಮ್ಮ ಮನೆ ಮಾತ್ರ ಕಣ್ಣಿಗೆ ಬೀಳಲ್ಲ" ಎಂದು ಅಕ್ಕ ವರ್ಷಗಟ್ಟಲೆ ಗೊಣಗಿದಳು. ಭಾವ "ಈ ಕೆಲಸ ಮುಗೀಲಿ" ಎನ್ನುತ್ತಿದ್ದರು. ಆ ಕೆಲಸ ಮುಗಿಯುವಷ್ಟರಲ್ಲಿ ಇನ್ನೊಂದು ಬಂದಿರುತ್ತಿತ್ತು. ಆಮೇಲೆ ಯಾವಾಗಲೋ ಅಕ್ಕ ಗೊಣಗುವುದನ್ನು ನಿಲ್ಲಿಸಿದಳು. ಹೇಳಿ ಹೇಳಿ ಸಾಕಾಗಿರಬೇಕು ಅಂದುಕೊಂಡೆವು. ಗೊಣಗುವ ಹೆಂಗಸು ಸುಮ್ಮನಾದರೆ ಏಕೆಂದು ಕೇಳುವ ಬುದ್ಧಿ ಮನೆಯಲ್ಲಿ ಯಾರಿಗೂ ಬರುವುದಿಲ್ಲ, ಸದ್ಯ ಶಾಂತಿ ಸಿಕ್ಕಿತಲ್ಲ ಅಂತ ಎಲ್ಲರೂ ಆರಾಮಾಗಿರುತ್ತಾರೆ.

ಅಕ್ಕನ ಕಣ್ಣು ಹೋಗುತ್ತಿದೆ ಎಂದು ನಮಗೆ ಗೊತ್ತಾದದ್ದು ಅವಳು ಬೀದಿಯಲ್ಲಿ ನನ್ನನ್ನೇ ಗುರುತಿಸದೆ ಪಕ್ಕದಲ್ಲಿ ಹಾದುಹೋದ ದಿನ. ಕಣ್ಣಿನ ಡಾಕ್ಟರು ದೀಪ ಬಿಟ್ಟು, ಯಂತ್ರಕ್ಕೆ ಗದ್ದ ಒತ್ತಿಸಿ, ಎಲ್ಲ ನೋಡಿದ ಮೇಲೆ ಭಾವನನ್ನು ಎದುರಿಗೆ ಕೂರಿಸಿಕೊಂಡರು. ಕಣ್ಣಿನ ಒಳಗಿನ ನರ ಒಣಗುತ್ತಿದೆ, ಹೋದದ್ದು ಬರುವುದಿಲ್ಲ, ಇರುವಷ್ಟನ್ನು ಉಳಿಸಿಕೊಳ್ಳಲು ನೋಡೋಣ ಎಂದರು. ಭಾವ ಎರಡೂ ಕೈಯನ್ನು ಮಂಡಿಯ ಮೇಲಿಟ್ಟುಕೊಂಡು ಶಾಲೆಯ ಹುಡುಗನ ಹಾಗೆ ಕೂತಿದ್ದರು.

"ಮನೇಲಿ ನಾನೇನು ಮಾಡ್ಬೇಕು ಡಾಕ್ಟ್ರೇ? ಏನಾದ್ರೂ ಹೇಳಿ, ಮಾಡ್ತೀನಿ."

"ಡ್ರಾಪ್ಸ್ ತಪ್ಪಿಸ್ಬೇಡಿ. ಮನೆ ಬೆಳಕಾಗಿರ್ಲಿ. ಸಾಮಾನುಗಳ ಜಾಗ ಬದಲಾಯಿಸ್ಬೇಡಿ, ಅವರಿಗೆ ಕಷ್ಟ ಆಗತ್ತೆ."

ಈ ಮೂರು ಮಾತನ್ನು ಭಾವ ಗಟ್ಟಿಯಾಗಿ ಹಿಡಿದುಕೊಂಡರು. ಡ್ರಾಪ್ಸ್ ಹಾಕುವುದು ಅವರೇ. ಬಲ್ಬು ತೆಗೆದು ದೊಡ್ಡ ಬಲ್ಬು ಹಾಕಿದರು. ಕುರ್ಚಿಯನ್ನು ನಾನು ಒಂದು ಗೇಣು ಆಚೆ ಎಳೆದು ಕೂತರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದು, ನಾನು ಎದ್ದ ಕೂಡಲೇ ಮತ್ತೆ ಅದರ ಜಾಗಕ್ಕೆ ತಳ್ಳುತ್ತಿದ್ದರು.

ಅವರದೇ ಒಂದು ಪರೀಕ್ಷೆಯೂ ಶುರುವಾಯಿತು. ದಿನಾ ಸಂಜೆ ಕೆಲಸದಿಂದ ಬಂದು, ಕೈಯ ಬಣ್ಣ ಸೀಮೆಎಣ್ಣೆಯಲ್ಲಿ ಒರೆಸಿಕೊಂಡು, ಅಕ್ಕನ ಎದುರು ಕೂತು ಶೇಡ್ ಕಾರ್ಡ್ ಬಿಡಿಸುವರು. ಬಣ್ಣದ ಅಂಗಡಿಯವರು ಕೊಡುವ, ಮಡಿಕೆ ಮಡಿಕೆಯಾಗಿ ಬಿಚ್ಚುವ ಉದ್ದನೆಯ ಕಾರ್ಡ್. ಒಂದೊಂದೇ ಚೌಕದ ಮೇಲೆ ಬೆರಳಿಟ್ಟು ಕೇಳುವರು.

"ಇದು?"

"ಕೆನೆ."

"ಇದು?"

"ನಿಂಬೆ. ಅದರ ಪಕ್ಕ ಜೇನು. ಆಮೇಲೆ ಇಟ್ಟಿಗೆ. ನನಗೇನು ಕುರುಡೇ?"

ಭಾವನ ಮುಖ ಅರಳುತ್ತಿತ್ತು. "ನೋಡಿದ್ಯಾ ಟೈಲರಮ್ಮ, ಡಾಕ್ಟ್ರು ಸುಮ್ನೆ ಹೆದರಿಸಿದ್ರು" ಎನ್ನುವರು. ನನಗೂ ಹೊಟ್ಟೆಗೆ ಹಾಲು ಹೊಯ್ದಂತಾಗುತ್ತಿತ್ತು. ಅವರು ಪ್ರತಿದಿನವೂ ಕಾರ್ಡನ್ನು ಒಂದೇ ತುದಿಯಿಂದ ಬಿಡಿಸುತ್ತಾರೆ, ಒಂದೇ ಕ್ರಮದಲ್ಲಿ ಕೇಳುತ್ತಾರೆ ಎನ್ನುವುದು ಎದುರಿಗೇ ಕೂತಿದ್ದ ನನಗೆ ಹೊಳೆಯಲಿಲ್ಲ. ಅಕ್ಕ ಚಿಕ್ಕಂದಿನಲ್ಲಿ ಮಗ್ಗಿಯನ್ನು ನನಗಿಂತ ಮೊದಲು ಬಾಯಿಪಾಠ ಮಾಡಿದವಳು.

ಒಂದು ದಿನ ಭಾವ ಊಟದ ಡಬ್ಬಿ ಮರೆತು ಹೋದರು. ಅವರು ಕೆಲಸ ಮಾಡುತ್ತಿದ್ದ ದೊಡ್ಡ ಮನೆ ಎರಡು ಬೀದಿ ಆಚೆ. ಡಬ್ಬಿ ಹಿಡಿದು ಹೊರಟಾಗ ಅಕ್ಕ ತಾನೂ ಬರುತ್ತೇನೆಂದು ನನ್ನ ತೋಳು ಹಿಡಿದಳು. ಆ ಮನೆಯ ಹಾಲಿಗೆ ಆಳೆತ್ತರದ ಕಿಟಕಿಗಳು, ಪರದೆ ಇನ್ನೂ ಹಾಕಿರಲಿಲ್ಲ. ನಡುಮಧ್ಯಾಹ್ನ. ಭಾವ ಅಲ್ಲಿಗೆ ಜೇನಿನಂಥ ಬೆಚ್ಚನೆಯ ಹಳದಿ ಹೊಡೆಯುತ್ತಿದ್ದರು. ಅಕ್ಕ ಹೊಸಿಲಲ್ಲೇ ನಿಂತುಬಿಟ್ಟಳು. ಮುಖ ಮೇಲೆತ್ತಿ, ಬಾಯಿ ಸ್ವಲ್ಪ ತೆರೆದು, "ರೀ, ಇದು ಹಳದಿ ಅಲ್ವಾ? ಎಷ್ಟು ಚೆನ್ನಾಗಿ ಕಾಣ್ತಿದೆ!" ಎಂದಳು.

ಅಲ್ಲಿ ಯಾರೂ ಅವಳ ಮುಂದೆ ಕಾರ್ಡ್ ಹಿಡಿದಿರಲಿಲ್ಲ. ಕೇಳಿಯೂ ಇರಲಿಲ್ಲ. ತಾನಾಗಿ ಹೇಳಿದ್ದಳು. ಭಾವ ಏಣಿಯಿಂದ ಹೇಗೆ ಇಳಿದರೋ ಅವರಿಗೇ ಗೊತ್ತಿಲ್ಲ, ಬ್ರಷ್ಷು ಡಬ್ಬದೊಳಗೆ ಹಿಡಿಯವರೆಗೂ ಮುಳುಗಿಹೋಯಿತು. "ಕಾಣ್ತಿದೆಯಾ? ನಿಜವಾಗ್ಲೂ?" ಎಂದು ಮತ್ತೆ ಮತ್ತೆ ಕೇಳಿದರು. ಅಕ್ಕ ನಗುತ್ತ ತಲೆಯಾಡಿಸಿದಳು. ಅವಳು ಹಾಗೆ ನಕ್ಕು ಬಹಳ ಕಾಲವಾಗಿತ್ತು.

ಅಂದು ಸಂಜೆಯೇ ತೀರ್ಮಾನವಾಯಿತು. ಮನೆ ಪೂರ್ತಿ ಹಳದಿ, ಹಾಲಿನಿಂದ ಬಚ್ಚಲವರೆಗೆ ಅದೇ ಬಣ್ಣ. ಬೇರೆಲ್ಲ ಬಣ್ಣ ಮಂಕಾದರೂ ಇದೊಂದು ಅವಳಿಗೆ ಕಾಣುತ್ತದೆ, ಹಾಗಾಗಿ ಅವಳು ತಿರುಗಿದ ಕಡೆಯಲ್ಲೆಲ್ಲ ಇದೇ ಇರಬೇಕು. ಭಾವ ಕೈ ತೊಳೆದುಕೊಂಡು ಈ ಯೋಚನೆಯ ಹಿಂದೆ ಬಿದ್ದರು. ಹೊರಗಿನ ಕೆಲಸವನ್ನೆಲ್ಲ ಮುಂದಕ್ಕೆ ಹಾಕಿದರು.

"ಈಗೇನು ಅವಸರ ರೀ?" ಎಂದಳು ಅಕ್ಕ. "ಇರ್ಲಿ ಬಿಡಿ. ಇದ್ದ ಹಾಗೇ ಚೆನ್ನಾಗಿದೆ."

"ಇಷ್ಟು ವರ್ಷ ನನ್ನ ತಲೆ ತಿಂದೋಳು ನೀನೇ ಅಲ್ವೇನೇ?"

"ಆವಾಗ ಬೇಕಿತ್ತು. ಈಗ ಬೇಡ."

"ಈಗ್ಲೇ ಬೇಕಾಗಿರೋದು" ಎಂದರು ಭಾವ. ಅಕ್ಕ ಮತ್ತೆ ಏನೂ ಹೇಳಲಿಲ್ಲ. ನಾನು ಬೇರೆ ಮಧ್ಯೆ ಬಾಯಿ ಹಾಕಿ, "ಸುಮ್ನಿರೇ, ಒಂದು ದಿನಕ್ಕಾದ್ರೂ ನಿನ್ನ ಗಂಡನಿಗೆ ಬುದ್ಧಿ ಬಂತು" ಅಂದೆ.

ಬಣ್ಣದ ವಾಸನೆ ಆಗುವುದಿಲ್ಲವೆಂದು ಅಕ್ಕನನ್ನು ಮೇಲೆ ನನ್ನ ಕೋಣೆಗೆ ಕರೆದುಕೊಂಡು ಹೋದೆ. ಸಾಮಾನು ತೆಗೆಯುವ ಮೊದಲು ಭಾವ ಮಾಡಿದ ಕೆಲಸ ನೋಡಬೇಕಿತ್ತು. ಮಂಚದ ಕಾಲು, ಮೇಜಿನ ಕಾಲು, ನೀರಿನ ಹಂಡೆಯ ಬುಡ, ಎಲ್ಲದರ ಸುತ್ತ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆದರು. ಚಪ್ಪಲಿ ಬಿಡುವ ಜಾಗಕ್ಕೂ ಗೆರೆ. "ಡಾಕ್ಟ್ರು ಹೇಳಿದಾರೆ, ಒಂದಿಂಚು ಆಚೀಚೆ ಆಗ್ಬಾರ್ದು" ಎಂದರು. ಡಾಕ್ಟರು ಹೇಳಿದ್ದು ಸಾಮಾನಿನ ವಿಷಯ. ಗೋಡೆಯ ವಿಷಯ ಯಾರೂ ಯಾರಿಗೂ ಹೇಳಿರಲಿಲ್ಲ.

ಗೋಡೆ ಕೆರೆಯುವ ದಿನ ನಾನೂ ಕೆಳಗೆ ಹೋಗಿದ್ದೆ. ಹಾದಿಯ ಗೋಡೆಯ ಉದ್ದಕ್ಕೂ, ಸೊಂಟಕ್ಕಿಂತ ಸ್ವಲ್ಪ ಮೇಲೆ, ಜಿಡ್ಡಿನ ಒಂದು ಕಪ್ಪು ಪಟ್ಟೆ ಹಾದುಹೋಗಿತ್ತು. ಹಾಲಿನಿಂದ ಬಚ್ಚಲವರೆಗೆ ಎಲ್ಲೂ ಕಡಿಯದೆ ಹೋಗಿತ್ತು.

"ಯಾರ ಕೈ ಜಿಡ್ಡೋ ಇದು, ಬಣ್ಣ ನಿಲ್ಲೋದೇ ಇಲ್ಲ ಇದರ ಮೇಲೆ" ಎಂದು ಭಾವ ಸೋಪಿನ ನೀರು ಹಾಕಿ ಉಜ್ಜಿದರು.

"ಇರೋರು ನೀವಿಬ್ಬರೇ. ಕಳ್ಳ ಬಂದು ಗೋಡೆ ಸವರಿಕೊಂಡು ಹೋದ್ನಾ ಮೇಸ್ತ್ರಿಗಳೇ?" ಎಂದು ನಾನು ನಕ್ಕೆ. ಅವರೂ ನಕ್ಕರು. ನಕ್ಕು, ಉಜ್ಜಿ, ಅದನ್ನು ಇಲ್ಲವಾಗಿಸಿದರು.

ಆಮೇಲೆ ನುಣುಪು ಮೇಸ್ತ್ರಿ ತನ್ನ ಹೆಸರಿಗೆ ತಕ್ಕ ಕೆಲಸ ಮಾಡಿದರು. ಮೊಳೆ ಕಿತ್ತರು. ಬಿರುಕನ್ನು ಅಗಲಿಸಿ ಪುಟ್ಟಿ ತುಂಬಿದರು. ಸ್ವಿಚ್ಚಿನ ಪೆಟ್ಟಿಗೆ ತೆಗೆದು ಗಾರೆ ಮೆತ್ತಿದರು. ಬಚ್ಚಲ ಹತ್ತಿರದ ಉಬ್ಬನ್ನು ಇಟ್ಟಿಗೆ ಕಾಣುವವರೆಗೆ ಕೆರೆದು, ತೇವ ಬರದ ಹಾಗೆ ಔಷಧಿ ಬಳಿದು, ಹೊಸದಾಗಿ ಗಿಲಾವು ಮಾಡಿದರು. ಎಮರಿ ಪೇಪರಿನ ಸದ್ದು ಇಡೀ ದಿನ ನನ್ನ ಕೋಣೆಯವರೆಗೂ ಬರುತ್ತಿತ್ತು. ಅಕ್ಕ ನನ್ನ ಮಂಚದ ಮೇಲೆ ಕೂತು ಆ ಸದ್ದನ್ನೇ ಕೇಳುತ್ತಿದ್ದಳು. ಬಚ್ಚಲಿಗೆ ಹೋಗಬೇಕೆಂದರೂ ನನ್ನನ್ನು ಕರೆಯುವಳು. ನೀರು ಬೇಕಾದರೂ ಕರೆಯುವಳು. ಹೊಸ ಜಾಗ, ಅದಕ್ಕೇ ಅಂದುಕೊಂಡೆ. "ನಿನ್ನ ಗಂಡ ಎಷ್ಟು ಪ್ರೀತಿಯಿಂದ ಮಾಡ್ತಿದಾರೆ ನೋಡು" ಅಂದರೆ, "ಗೊತ್ತು ಕಣೇ, ಅದೇ ಕಷ್ಟ" ಅಂದಳು. ವಾಸನೆಗೆ ತಲೆ ಕೆಟ್ಟಿದೆ ಎಂದು ನಾನು ಟೀ ಮಾಡಿ ಕೊಟ್ಟೆ.

ಬಣ್ಣ ಒಣಗಿ, ಸಾಮಾನು ಚಾಕ್‌ಪೀಸಿನ ಗೆರೆಯೊಳಗೆ ಕೂತ ಮೇಲೆ ಅಕ್ಕನನ್ನು ಕೆಳಗಿಳಿಸಿಕೊಂಡು ಬಂದೆ. ಭಾವ ಒಗೆದ ಅಂಗಿ ಹಾಕಿಕೊಂಡು ಹಾಲಿನಲ್ಲಿ ನಿಂತಿದ್ದರು. ಎಲ್ಲ ದೀಪವೂ ಉರಿಯುತ್ತಿತ್ತು. ಸುಳ್ಳೇಕೆ ಹೇಳಲಿ, ಮನೆ ನೋಡಿ ನಾನೇ ಹೊಸಿಲಲ್ಲಿ ನಿಂತುಬಿಟ್ಟೆ. ಗೋಡೆ, ಸೂರು, ಬಾಗಿಲ ಚೌಕಟ್ಟು, ಎಲ್ಲ ಒಂದೇ ಬಣ್ಣ. ಎಲ್ಲಿಯೂ ಬ್ರಷ್ಷಿನ ಗುರುತಿಲ್ಲ, ತೇಪೆಯಿಲ್ಲ, ಜೇನು ಸುರಿದು ಹರಡಿದ ಹಾಗಿತ್ತು.

"ಹೇಗಿದೆ?" ಎಂದರು ಭಾವ.

ಅಕ್ಕ ಮುಖ ಮೇಲೆತ್ತಿದಳು. "ತುಂಬಾ ಚೆನ್ನಾಗಿದೆ ರೀ" ಎಂದಳು.

"ಕಾಣತ್ತೆ ತಾನೆ?"

"ಕಾಣ್ದೆ ಏನು? ಕಣ್ಣು ಕುಕ್ಕೋ ಹಾಗಿದೆ."

ಹಾಗೆಂದವಳು ಹಾದಿಯ ಗೋಡೆಗೆ ಎಡಗೈ ಇಟ್ಟು ನಡೆಯತೊಡಗಿದಳು. ಅಂಗೈ ಗೋಡೆಯ ಮೇಲೆ ಜಾರುತ್ತ ಹೋಯಿತು. ಸ್ವಲ್ಪ ದೂರ ಹೋಗಿ ನಿಂತಳು. ಕೈಯನ್ನು ಮೇಲೆ ಆಡಿಸಿದಳು, ಕೆಳಗೆ ಆಡಿಸಿದಳು, ಒಂದು ಹೆಜ್ಜೆ ಹಿಂದೆ ಬಂದಳು, ಮತ್ತೆ ಸವರಿದಳು. ಭಾವ ನನ್ನತ್ತ ನೋಡಿ ಕಣ್ಣು ಮಿಟುಕಿಸಿದರು. "ಅಂಗೈಗೆ ಗೊತ್ತಾಗಬೇಕು ಕೆಲಸ! ಹುಡುಕು, ಹುಡುಕು, ಒಂದು ಗುಳಿ ಸಿಕ್ಕಿದ್ರೆ ಹೇಳು!" ಎಂದು ಜೋರಾಗಿ ನಕ್ಕರು.

"ಇಲ್ಲ, ಒಂದೂ ಸಿಗ್ತಿಲ್ಲ" ಎಂದಳು ಅಕ್ಕ.

ಆ ಮಾತು ಈಗ ನೆನಪಾದರೆ ಹೊಲಿಯುತ್ತಿದ್ದ ಮೆಷಿನ್ ನಿಲ್ಲಿಸಿಬಿಡುತ್ತೇನೆ. ಆಗ ಮಾತ್ರ ನಾನೂ ಭಾವನ ಜೊತೆ ಸೇರಿ ನಕ್ಕೆ.

ಅಂದಿನಿಂದ ಅಕ್ಕ ಬದಲಾದಳು. ಅಡುಗೆಮನೆಗೆ ಹೋಗುತ್ತೇನೆಂದು ಎದ್ದವಳು ಸಾಮಾನಿನ ಕೋಣೆಯಲ್ಲಿ ನಿಂತಿರುತ್ತಿದ್ದಳು. ಕೇಳಿದರೆ, ಏನೋ ತೆಗೆಯಲು ಬಂದೆ, ಮರೆತೆ ಎನ್ನುವಳು. ಭಾವ ಕೆಲಸಕ್ಕೆ ಹೋದ ಮೇಲೆ ಹಾಲಿನ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ನಾನು ಮೆಷಿನ್ ನಿಲ್ಲಿಸಿ ಇಳಿದು ಬಂದು ನೋಡಿದರೆ ಬಾಯಾರಿಕೊಂಡು ಕೂತಿರುವಳು. "ನೀರು ಕುಡಿಯೋಕೂ ಸೋಮಾರಿತನವೇ ನಿನಗೆ?" ಎಂದು ನಾನು ಗದರಿದರೆ, "ಹೂಂ ಕಣೇ, ವಯಸ್ಸಾಯ್ತು" ಎಂದು ನಗುವಳು. ಸಂಜೆ ಭಾವ ಬಂದು ಕಾರ್ಡ್ ಬಿಡಿಸಿದರೆ ಮಾತ್ರ ಕೆನೆ, ನಿಂಬೆ, ಜೇನು, ಇಟ್ಟಿಗೆ ಎಂದು ಪಟಪಟನೆ ಹೇಳುವಳು.

ಒಂದು ಬೆಳಗ್ಗೆ ಕೆಳಗಿನಿಂದ ಧಡ್ ಎಂದು ಸದ್ದು. ಓಡಿ ಬಂದೆ. ಬಚ್ಚಲ ಮೆಟ್ಟಿಲ ಕೆಳಗೆ ಅಕ್ಕ ಬಿದ್ದಿದ್ದಳು, ಹಣೆ ಹಂಡೆಗೆ ತಾಗಿ ರಕ್ತ. ಎಡಗೈ ಮೈ ಕೆಳಗೆ ಸಿಕ್ಕಿತ್ತು. ಕೆಲಸಕ್ಕೆ ಹೊರಟಿದ್ದ ಭಾವ ಹೊಸಿಲಿನಿಂದಲೇ ಹಿಂದಿರುಗಿ ಓಡಿ ಬಂದರು. ಅವಳನ್ನು ಎತ್ತಿ ಕೂರಿಸಿ, "ಮೆಟ್ಟಿಲು ಇದೆ ಅಂತ ಗೊತ್ತಿಲ್ವೇನೇ? ಮದುವೆ ಆದಾಗಿಂದ ಇಳೀತಿದೀಯಲ್ಲೇ!" ಎಂದು ಕೂಗಾಡಿದರು. ಹೆದರಿದ ಗಂಡಸರು ಮೊದಲು ಮಾಡುವ ಕೆಲಸ ಅದೇ.

"ಉಬ್ಬು ಸಿಗ್ಲಿಲ್ಲ ರೀ" ಎಂದಳು ಅಕ್ಕ. ನೋವಿಗೆ ಬಾಯಿತಪ್ಪಿ ಬಂದ ಮಾತು.

"ಯಾವ ಉಬ್ಬು?"

ಅಕ್ಕ ಅಳಲು ಶುರುಮಾಡಿದಳು. ಬಿಕ್ಕುತ್ತಲೇ ಒಂದೊಂದಾಗಿ ಹೇಳಿದಳು. ಮೊದಲು ಬಿರುಕು ಸಿಗುತ್ತಿತ್ತು, ಬೆರಳು ಅದರೊಳಗೆ ಕೂತರೆ ಮಲಗುವ ಕೋಣೆ ಬಂತೆಂದು ಅರ್ಥ. ಮೊಳೆಯ ತಲೆ ತಾಗಿದರೆ ಸಾಮಾನಿನ ಕೋಣೆ. ಮರದ ಪೆಟ್ಟಿಗೆಯ ಒರಟು ಬಾಯಿ ಬಂದರೆ ಅಡುಗೆಮನೆ. ಗೋಡೆ ಉಬ್ಬಿ ಮರಳು ಉದುರಿದರೆ ಇನ್ನೊಂದು ಹೆಜ್ಜೆಗೆ ಮೆಟ್ಟಿಲು, ಕಾಲು ನಿಧಾನ ಇಡಬೇಕು. "ಈಗ ಎಲ್ಲಾ ಒಂದೇ ಥರ ಇದೆ. ಎಲ್ಲಿದೀನಿ ಅಂತಾನೇ ಗೊತ್ತಾಗಲ್ಲ."

ಭಾವ ನೆಲದ ಮೇಲೆ ಕೂತುಬಿಟ್ಟರು. ಅವರ ಮುಖ ನೋಡಲಾರದವಳ ಹಾಗೆ (ಆ ಮುಖ ಅವಳಿಗೆ ಕಾಣುತ್ತಲೇ ಇರಲಿಲ್ಲವೆಂದು ಈಗ ಅನ್ನಿಸುತ್ತದೆ) ತಲೆ ತಗ್ಗಿಸಿ, ಅಕ್ಕ ಅವಸರವಾಗಿ ಸೇರಿಸಿದಳು: "ಯಾವಾಗ್ಲೂ ಅಲ್ಲ ರೀ. ಮಬ್ಬು ಇದ್ದಾಗ ಮಾತ್ರ. ಬಣ್ಣ ಕಾಣತ್ತೆ. ಹಳದಿ ಚೆನ್ನಾಗೇ ಕಾಣತ್ತೆ."

ಆ ಕೊನೆಯ ಮಾತನ್ನು ಭಾವ ಗಬಕ್ಕನೆ ಹಿಡಿದುಕೊಂಡರು. ಹಿಡಿದುಕೊಳ್ಳಲು ಅವರಿಗೆ ಇನ್ನೇನು ಉಳಿದಿತ್ತು?

ಅಕ್ಕನ ಎಡಗೈ ಮಣಿಕಟ್ಟು ಮುರಿದಿತ್ತು, ಆಸ್ಪತ್ರೆಯಲ್ಲಿ ಬೆರಳ ತುದಿಯವರೆಗೂ ಪ್ಲಾಸ್ಟರ್ ಹಾಕಿದರು. ಗೋಡೆ ಸವರುವ ಕೈ ಅದೇ.

ಮಾರನೆಯ ದಿನ ಭಾವ ಕೆಲಸಕ್ಕೆ ಹೋಗಲಿಲ್ಲ. ಉಳಿ, ಸುತ್ತಿಗೆ, ಪುಟ್ಟಿಯ ಬ್ಲೇಡು ಹಿಡಿದುಕೊಂಡು ಆ ನುಣುಪಾದ ಹಳದಿ ಗೋಡೆಯ ಮುಂದೆ ನಿಂತರು. ಬಿರುಕು ಮತ್ತೆ ಬೇಕಾಗಿತ್ತು. ಎಷ್ಟು ಎತ್ತರದಲ್ಲಿತ್ತು ಅದು? ಎದುರಿನ ಬಾಗಿಲಿಗೆ ಎಷ್ಟು ನೇರಕ್ಕೆ? ಅವರಿಗೆ ನೆನಪಿರಲಿಲ್ಲ. ಊರವರ ಮನೆಯ ಗೋಡೆಗಳಲ್ಲಿ ಯಾವ ಮೂಲೆಯಲ್ಲಿ ಯಾವ ಗುಳಿ ಇತ್ತೆಂದು ನಿದ್ದೆಯಲ್ಲಿ ಕೇಳಿದರೂ ಹೇಳುವ ಮನುಷ್ಯ. ಸ್ವಂತ ಮನೆಯ ಗೋಡೆಯನ್ನು ಒಮ್ಮೆಯೂ ಕಣ್ಣಿಟ್ಟು ನೋಡಿರಲಿಲ್ಲ.

"ಇಲ್ಲೇನಾ?" ಎಂದು ಅಕ್ಕನನ್ನು ಕರೆದು ಕೇಳಿದರು.

ಅಕ್ಕ ಬಲಗೈ ಚಾಚಿದಳು. ಬಲಗೈಗೆ ಆ ಗೋಡೆಯ ಪರಿಚಯ ಅಷ್ಟಾಗಿ ಇರಲಿಲ್ಲ. "ಸ್ವಲ್ಪ ಕೆಳಗೆ... ಇಲ್ಲ, ಇನ್ನೂ ಮುಂದೆ ಇರ್ಬೇಕು. ನಂಗೂ ಗೊತ್ತಾಗ್ತಿಲ್ಲ ರೀ. ಕೈಗೆ ಗೊತ್ತಿತ್ತು."

ಭಾವ ಅಂದಾಜಿನ ಮೇಲೆ ಉಳಿ ಇಟ್ಟು ಬಡಿದರು. ಜೀವನವಿಡೀ ಬಿರುಕು ಮುಚ್ಚಿದ ಕೈ. ಬಿರುಕು ಮಾಡಲು ಬರಲಿಲ್ಲ. ಅವರು ಎಳೆದದ್ದು ನೇರವಾಗಿ, ಅಚ್ಚುಕಟ್ಟಾಗಿ, ಅಳತೆಪಟ್ಟಿ ಇಟ್ಟು ಎಳೆದ ಹಾಗೆ ಬಂತು. ಅಕ್ಕ ಬೆರಳಾಡಿಸಿ, "ಇದು ಹಂಗಿಲ್ಲ" ಎಂದಳು. ಇನ್ನೊಂದು ಮಾಡಿದರು. "ಇದೂ ಅಲ್ಲ." ಮೊಳೆ ಹೊಡೆದರು, ಹೊಸ ಮೊಳೆ, ಅಕ್ಕನ ಬೆರಳು ತರಚಿತು. ಬಚ್ಚಲ ಹತ್ತಿರ ಗಿಲಾವು ಒಡೆದು ಉಬ್ಬು ಮೆತ್ತಿದರು. ಅದು ಒಣಗಿ ಕಲ್ಲಾಯಿತು, ಒಂದು ಕಣ ಮರಳೂ ಉದುರಲಿಲ್ಲ. ತೇವ ಹತ್ತಿ ಹತ್ತಿ ವರ್ಷಗಟ್ಟಲೆ ಆದದ್ದನ್ನು ಒಂದು ಹಗಲಿನಲ್ಲಿ ಮಾಡಲು ಹೊರಟರೆ ಆಗುತ್ತದೆಯೇ? ಗೋಡೆ ಒಂದೆರಡು ದಿನದಲ್ಲಿ ಮೈಯೆಲ್ಲ ಗಾಯವಾದ ಹಾಗೆ ಕಂಡಿತು. ಬೇಕಾದ ಗಾಯ ಒಂದೂ ಅದರಲ್ಲಿ ಇರಲಿಲ್ಲ.

ನನಗೆ ಸಿಟ್ಟು ಬಂತು. ಯಾರ ಮೇಲೆ ಬರಬೇಕು? ಹೇಳದ ಅಕ್ಕನ ಮೇಲೋ, ಕೇಳದ ಭಾವನ ಮೇಲೋ? ಒಬ್ಬರ ಮನಸ್ಸು ನೋಯಬಾರದೆಂದು ಒಬ್ಬರು ಬಾಯಿ ಮುಚ್ಚಿಕೊಂಡರೆ, ಇನ್ನೊಬ್ಬರ ಕಣ್ಣಿಗೆ ಹಿತವಾಗಲೆಂದು ಒಬ್ಬರು ಮನೆಯನ್ನೇ ಒರೆಸಿಬಿಟ್ಟರು. ಬೈಯೋಣವೆಂದು ಇಳಿದು ಬಂದವಳು ಪುಡಿ ಮೆತ್ತಿಕೊಂಡ ಭಾವನ ತಲೆ ನೋಡಿ ಪೊರಕೆ ತೆಗೆದುಕೊಂಡು ಗುಡಿಸಿದೆ. ಬೇರೇನೂ ಮಾಡಲು ನನಗೆ ತೋಚಲಿಲ್ಲ.

ಅಂದು ಸಂಜೆ ಕತ್ತಲಾದ ಮೇಲೆ ಮತ್ತೆ ಕೆಳಗೆ ಹೋದೆ. ಮನೆಯಲ್ಲಿ ದೀಪವೇ ಹಾಕಿರಲಿಲ್ಲ. ಆ ಒಂದು ಕಿಟಕಿಯಿಂದ ಬರುವ ಬೆಳಕೂ ಆರಿಹೋಗಿತ್ತು. ಹೊಸಿಲ ಮೇಲೆ ನಿಂತು ಸ್ವಲ್ಪ ಹೊತ್ತಾದ ಮೇಲೆ ಭಾವ ಬಾಗಿಲ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದು ಅಂದಾಜಾಯಿತು. ಅಕ್ಕ ಕುರ್ಚಿಯಲ್ಲಿದ್ದಳು. ನೋವಿನ ಮಾತ್ರೆ ನುಂಗಿ ಮಧ್ಯಾಹ್ನ ಮಲಗಿದವಳು ಆಗಷ್ಟೇ ಎಚ್ಚರಾಗಿದ್ದಳು.

"ರೀ, ಇಲ್ಲೇ ಇದೀರಾ? ನಿಮ್ಮ ಊಟ ಆಯ್ತಾ?" ಎಂದಳು. ಇನ್ನೂ ಮಧ್ಯಾಹ್ನ ಎಂದೇ ಅವಳ ಲೆಕ್ಕ.

"ಹೂಂ, ಆಯ್ತು" ಎಂದರು ಭಾವ. ಆಮೇಲೆ ನಿಧಾನವಾಗಿ ಕೇಳಿದರು. "ನೋಡು, ಗೋಡೆ ನನ್ನ ಕೈಲಿ ಆಗ್ಲಿಲ್ಲ. ಬಣ್ಣನಾದ್ರೂ ಕಾಣತ್ತಲ್ವಾ ನಿಂಗೆ?"

"ಕಾಣತ್ತೆ ರೀ" ಎಂದಳು ಅಕ್ಕ. ಮುಖವನ್ನು ಆ ಕತ್ತಲೆಯ ಗೋಡೆಯ ಕಡೆ ಎತ್ತಿದ್ದಳು, ದನಿಯಲ್ಲಿ ನಗುವಿತ್ತು. "ಈ ಹೊತ್ತಲ್ಲಂತೂ ಇನ್ನೂ ಚೆನ್ನಾಗಿ ಕಾಣತ್ತೆ. ಅವತ್ತು ಆ ದೊಡ್ಡ ಮನೇಲಿ ಕಂಡ ಹಾಗೇ ಇದೆ. ಬಿಸಿಲು ಬಿದ್ದ ಹಾಗೆ."

ಬಿಸಿಲು. ಆಳೆತ್ತರದ ಕಿಟಕಿ, ಪರದೆಯಿಲ್ಲದ ಹಾಲು, ನಡುಮಧ್ಯಾಹ್ನ. ಅವಳಿಗೆ ಅಂದು ಕಂಡದ್ದು ಬಣ್ಣವಾಗಿರಲಿಲ್ಲ, ಬರೀ ಬೆಳಕು. ನನಗೆ ಅರ್ಥವಾದದ್ದು ಭಾವನಿಗೂ ಅರ್ಥವಾಗಿರಬೇಕು.

ನನ್ನ ಕೈ ತಾನಾಗಿ ಬಾಗಿಲ ಪಕ್ಕದ ಸ್ವಿಚ್ಚಿನ ಕಡೆ ಹೋಯಿತು. ಭಾವ ಕೂತಲ್ಲಿಂದ ಎದ್ದು ನನ್ನ ಮಣಿಕಟ್ಟು ಹಿಡಿದು ತಡೆದರು. ಸ್ವಿಚ್ಚು ಹಾಕಿದರೆ ಟಕ್ ಎಂದು ಸದ್ದಾಗುತ್ತದೆ, ಆ ಸದ್ದು ಕೇಳಿದರೆ ಇಷ್ಟು ಹೊತ್ತು ಕತ್ತಲಿತ್ತೆಂದು ಅವಳಿಗೆ ಗೊತ್ತಾಗಿಬಿಡುತ್ತದೆ. ಪುಟ್ಟಿಯ ಪುಡಿ ಮೆತ್ತಿದ ಅವರ ಕೈ ನನ್ನ ಮಣಿಕಟ್ಟನ್ನು ಬಿಡಲಿಲ್ಲ.

"ಹೌದು ಕಣೇ" ಎಂದರು ಭಾವ. "ಬಿಸಿಲು ಬಿದ್ದ ಹಾಗೇ ಇದೆ."

ಮಾರನೆಯ ಸಂಜೆ ಕೈ ಒರೆಸಿಕೊಂಡು ಎಂದಿನ ಹಾಗೆ ಅಕ್ಕನ ಎದುರು ಕೂತರು. ಇನ್ನು ಕೇಳುವುದಿಲ್ಲ ಅಂದುಕೊಂಡಿದ್ದೆ. ಕೇಳಿದರು. ಶೇಡ್ ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು, ಅದರ ತುದಿಯನ್ನು ಬೆರಳಿನಿಂದ ಸರಸರ ಎನ್ನಿಸಿ, "ಇದು?" ಎಂದರು. ಕಾರ್ಡನ್ನು ಅವರು ಬಿಡಿಸಿಯೇ ಇರಲಿಲ್ಲ.

"ಕೆನೆ" ಎಂದಳು ಅಕ್ಕ.

"ಸರಿ. ಇದು?"

"ನಿಂಬೆ."

"ಸರಿ. ಇದು?"

"ಜೇನು. ನಮ್ಮ ಮನೆ ಬಣ್ಣ."

"ಸರಿ" ಎಂದರು ಭಾವ. ಮಡಿಸಿದ ಕಾರ್ಡನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಕೊನೆಯವರೆಗೂ ಕೇಳುತ್ತ ಹೋದರು. ಅಕ್ಕ ಒಂದನ್ನೂ ತಪ್ಪು ಹೇಳಲಿಲ್ಲ.